ದೂಧಗಂಗೆಯ ದಂಡೆಯಿಂದ ಎರಡು ಪರದೆ

ಕೊಲ್ಲಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ದತ್ತವಾಡ ದೂಧಗಂಗೆಯ ದಂಡೆಯ ಊರು. ಹೊಳೆ ದಾಟಿದರೆ ಸದಲಗಾ, ಚಿಕ್ಕೋಡಿ, ಅಂದರೆ ಕರ್ನಾಟಕ. ಇತ್ತ ಇಚಲಕರಂಜಿಯ ಮಗ್ಗಗಳ ಸದ್ದು, ಕುರುಂದವಾಡ, ನರಸೋಬಾವಾಡಿ. ಅತ್ತ ಗಡಹಿಂಗ್ಲಜದ ಸೀಮೆ. ಈ ಪಟ್ಟಿಯಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ, ಟಾಕೀಸಿನಲ್ಲಿ ಹಿಂದಿ ಎಂದು ದಿನವನ್ನು ಮೂರು ಪಾಲು ಮಾಡಿಕೊಂಡ ಕುಟುಂಬಗಳು ತಲೆಮಾರುಗಳಿಂದ ಇವೆ. ಇಂಥ ಊರಿನ ಸಿನಿಮಾ ಹುಚ್ಚಿನವರನ್ನು ಯಾರೂ ವಿಮರ್ಶಕರೆಂದು ಕರೆಯುವುದಿಲ್ಲ. ಅವರ ಅಭಿಪ್ರಾಯಗಳು ಚಹಾದಂಗಡಿಯ ಕಟ್ಟೆ ಬಿಟ್ಟು ಆಚೆ ಬರುವುದೂ ಕಡಿಮೆ. ಆದರೆ ಬೆಂಗಳೂರಿನ ಪತ್ರಿಕಾ ವಿಮರ್ಶೆಗೂ ಪುಣೆಯ ಫಿಲ್ಮ್ ಸೊಸೈಟಿಗೂ ಸುಲಭಕ್ಕೆ ದಕ್ಕದ ಒಂದು ಅನುಕೂಲ ಅವರಿಗಿದೆ: ಒಂದೇ ಮಣ್ಣಿನ ಬಗ್ಗೆ ಎರಡು ಭಾಷೆಗಳು ಮಾಡಿದ ಚಿತ್ರಗಳನ್ನು ಸಬ್‌ಟೈಟಲ್ ಇಲ್ಲದೆ ಪಕ್ಕಪಕ್ಕ ಇಟ್ಟು ತೂಗಬಲ್ಲರು. ಹಾಗೆ ತೂಗಿದಾಗ ಕಾಣುವುದು ಇದು: ಮರಾಠಿ ಸಿನಿಮಾ ಹಳ್ಳಿಯನ್ನು ಅಧಿಕಾರದ ಕಣವಾಗಿ ನೋಡಿತು, ಕನ್ನಡ ಸಿನಿಮಾ ಹಳ್ಳಿಯನ್ನು ಒಂದು ದೊಡ್ಡ ಮನೆತನವಾಗಿ ನೋಡಿತು. ಈ ವ್ಯತ್ಯಾಸ ಭಾಷೆಯ ಗುಣದಿಂದ ಬಂದದ್ದಲ್ಲ ಎಂಬುದಕ್ಕೆ ಕೊಲ್ಲಾಪುರವೇ ಸಾಕ್ಷಿ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಆ ದಿನವನ್ನು ಕನ್ನಡ ಚಿತ್ರರಂಗ ಈಗಲೂ ನೆನೆಯುತ್ತದೆ. ಆದರೆ ಚಿತ್ರ ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೊದಲ್ಲಿ ಎಂಬ ಸಂಗತಿ ಸಮಾರಂಭದ ಭಾಷಣಗಳಲ್ಲಿ ಒಂದು ಅರ್ಧವಾಕ್ಯದಲ್ಲಿ ಮುಗಿದುಹೋಗುತ್ತದೆ. ಬಂಡವಾಳ ಹಾಕಿದವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಚಮನ್‌ಲಾಲ್ ಡುಂಗಾಜಿ, ನಿರ್ದೇಶಕ ತೆಲುಗು ಮೂಲದ ವೈ.ವಿ. ರಾವ್, ಮಾತು ಮತ್ತು ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು, ಇಂದ್ರಜಿತು ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾಯರು, ಸುಲೋಚನೆ ತ್ರಿಪುರಾಂಬ. ಸುಮಾರು 40,000 ರೂಪಾಯಿ ಖರ್ಚಾಯಿತು ಎನ್ನುತ್ತದೆ ಚರಿತ್ರೆ. ಚಿತ್ರದ ಪ್ರತಿ ಉಳಿದಿಲ್ಲ. ಮೈಸೂರು ಸೀಮೆಯ ನಾಟಕದ ಮಂದಿ ಮಾತಿನ ಚಿತ್ರ ಮಾಡಲು ಕೊಲ್ಲಾಪುರದವರೆಗೆ ಬಂದದ್ದಕ್ಕೆ ಕಾರಣ ಸರಳ: ಇಲ್ಲಿ ಸ್ಟುಡಿಯೊ ಇತ್ತು, ಕೆಲಸ ಬಲ್ಲ ಕೈಗಳಿದ್ದವು. ಬಾಬುರಾವ್ ಪೇಂಟರ್ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ಹೆಸರಿನಲ್ಲಿ ‘ಸೈರಂಧ್ರಿ’ಯನ್ನು 1920ರಲ್ಲೇ ತೆರೆಗೆ ತಂದಿದ್ದರು. ಅವರ ಬಳಿ ಪಳಗಿದ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮುಂತಾದವರು 1929ರಲ್ಲಿ ಇದೇ ಊರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಕಟ್ಟಿದರು. ಮರಾಠಿಯ ಮೊದಲ ವಾಕ್ಚಿತ್ರ ‘ಅಯೋಧ್ಯೇಚಾ ರಾಜಾ’ 1932ರಲ್ಲಿ ಇಲ್ಲಿಯೇ ಸಿದ್ಧವಾಯಿತು. ಎರಡೇ ವರ್ಷದ ಅಂತರದಲ್ಲಿ ಎರಡು ಭಾಷೆಗಳು ಒಂದೇ ಊರಿನಲ್ಲಿ ಪರದೆಯ ಮೇಲೆ ಬಾಯಿಬಿಟ್ಟವು.

ಸ್ಟುಡಿಯೊ ಒಂದೇ ಆದರೆ ಎಲ್ಲ ಒಂದೇ ಆಗಿಬಿಡುತ್ತದೆಯೇ ಎಂದು ಯಾರಾದರೂ ಕೇಳಬಹುದು. ಬಾಡಿಗೆಗೆ ಸಿಕ್ಕ ಕಟ್ಟಡ ಅಷ್ಟು ಮುಖ್ಯವಲ್ಲ, ನಿಜ. ಆದರೆ ಕೊಡುಕೊಳೆ ಅದಕ್ಕಿಂತ ಹಳೆಯದು. ಉತ್ತರ ಕನ್ನಡದಿಂದ ಬಂದ ಭಾಗವತ ಮೇಳದ ಆಟ ನೋಡಿದ ಸಾಂಗ್ಲಿಯ ಪಟವರ್ಧನ ದೊರೆ, ಅಂಥದೊಂದು ನಮ್ಮಲ್ಲೂ ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದ. ಮರಾಠಿ ರಂಗಭೂಮಿ ತನ್ನ ಜನ್ಮದಿನವನ್ನು ಅಲ್ಲಿಂದ ಎಣಿಸುತ್ತದೆ. ಮೂರು ದಶಕ ಕಳೆಯುವುದರೊಳಗೆ ಮರಾಠಿ ಕಂಪನಿಗಳು ಧಾರವಾಡ, ಗದಗಿನವರೆಗೆ ಬಂದು ಜನರನ್ನು ಸೆಳೆದಾಗ, ಶಾಂತಕವಿಗಳು ಅದಕ್ಕೆ ಎದುರಾಗಿ ಕನ್ನಡದ ನಾಟಕ ಮಂಡಳಿ ಕಟ್ಟಿದರು. ಸಿನಿಮಾದಲ್ಲಿ ಈ ಹೋಗಿಬರುವಿಕೆ ನಿಲ್ಲಲಿಲ್ಲ. ಹುಬ್ಬಳ್ಳಿ ಬಳಿಯ ಅದರಗುಂಚಿಯಿಂದ ಹೋದ ಶಾಂತಾ ಹುಬ್ಳೀಕರ್ 1939ರ ‘ಮಾಣೂಸ್’ ಚಿತ್ರದಲ್ಲಿ ಪ್ರಭಾತಕ್ಕೆ ಅದರ ಅತ್ಯುತ್ತಮ ಹೆಣ್ಣು ಪಾತ್ರಗಳಲ್ಲಿ ಒಂದನ್ನು ಕೊಟ್ಟರು. 1942ರಲ್ಲಿ ಕನ್ನಡದ ‘ಜೀವನ ನಾಟಕ’ದಲ್ಲೂ ಕಾಣಿಸಿಕೊಂಡರು. ಮರಾಠಿ ಪ್ರೇಕ್ಷಕರು ತಾಯಿಯೆಂದರೆ ಇವರೇ ಎಂದು ಒಪ್ಪಿಕೊಂಡ ಸುಲೋಚನಾ ಹುಟ್ಟಿದ್ದು 1928ರಲ್ಲಿ, ದತ್ತವಾಡಕ್ಕೆ ದೂರವೇನೂ ಅಲ್ಲದ ಚಿಕ್ಕೋಡಿ ಸೀಮೆಯ ಖಡಕಲಾಟದಲ್ಲಿ. ತಮಾಶಾ ಚಿತ್ರಗಳ ರಾಣಿ ಜಯಶ್ರೀ ಗಡಕರ್ ಕಾರವಾರದ ಸದಾಶಿವಗಡದ ಕಡೆಯವರು. ಪುಣೆಯ ಒಂದೇ ಚಿತ್ರಮಂದಿರದಲ್ಲಿ 131 ವಾರ ಓಡಿದ ‘ಸಾಂಗತ್ಯೆ ಐಕಾ’ದಲ್ಲಿ ಈ ಇಬ್ಬರೂ ಇದ್ದಾರೆ. ಅತ್ತಲಿಂದ ಇತ್ತ ಬಂದವರ ಪಟ್ಟಿಯಲ್ಲಿ ಶಂಕರ್‌ನಾಗ್ ಒಬ್ಬರ ಹೆಸರು ಹೇಳಿದರೆ ಸಾಕು: ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಬೆಳೆದು, ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ಯಿಂದ 1978ರಲ್ಲಿ ಕನ್ನಡದವರಾಗಿ, ಮರುವರ್ಷ ಮರಾಠಿಯ ‘22 ಜೂನ್ 1897’ ಚಿತ್ರಕಥೆಯಲ್ಲಿ ಕೈಜೋಡಿಸಿದವರು.

ಹಾಗಾದರೆ ನೋಟ ಬೇರೆಯಾದದ್ದು ಎಲ್ಲಿ? ಕೊಲ್ಲಾಪುರದಲ್ಲಿ 1925ರಲ್ಲಿ ಬಾಬುರಾವ್ ಪೇಂಟರ್ ಮಾಡಿದ ‘ಸಾವಕಾರಿ ಪಾಶ’ ಎಂಬ ಮೂಕಿ ಚಿತ್ರ ಒಂದು ಸುಳಿವು ಕೊಡುತ್ತದೆ. ಸಾಲ ಕೊಟ್ಟ ಸಾವಕಾರ ರೈತನ ಹೊಲ ನುಂಗುತ್ತಾನೆ, ರೈತ ಪಟ್ಟಣದ ಗಿರಣಿಗೆ ಕೂಲಿಯಾಗಿ ಹೋಗುತ್ತಾನೆ. ಆ ರೈತನ ಪಾತ್ರದಲ್ಲಿ ಯುವಕ ಶಾಂತಾರಾಮ್. ದೇಶದ ತುಂಬ ಪುರಾಣದ ಚಿತ್ರಗಳೇ ಓಡುತ್ತಿದ್ದ ಕಾಲದಲ್ಲಿ ಹೊಲ, ಸಾಲ, ಕಾಗದಪತ್ರಗಳು ಪರದೆಗೆ ಬಂದವು. ಪೇಂಟರ್ ಅವರೂ ಪ್ರಭಾತದವರೂ ಪುರಾಣಗಳನ್ನು ಧಾರಾಳವಾಗಿಯೇ ಮಾಡಿದರು, ಮರೆಯಬಾರದು. ಆದರೂ ಊರೊಳಗಿನ ಹಣ ಮತ್ತು ಬಲವನ್ನು ನೇರ ನೋಡುವ ಒಂದು ಕಣ್ಣು ಮರಾಠಿ ಸಿನಿಮಾಕ್ಕೆ ಆಗಲೇ ಸಿಕ್ಕಿತ್ತು. ಕನ್ನಡ ಸಿನಿಮಾ ‘ಸತಿ ಸುಲೋಚನ’ದ ನಂತರ ಕೊಲ್ಲಾಪುರದಲ್ಲಿ ನೆಲೆ ನಿಲ್ಲಲಿಲ್ಲ, ಅದು ಮದ್ರಾಸಿಗೆ ಹೋಯಿತು. ಐವತ್ತು, ಅರವತ್ತರ ದಶಕಗಳಲ್ಲಿ ಅದು ಬೆಳೆದದ್ದು ತಮಿಳು, ತೆಲುಗು ಚಿತ್ರಗಳ ಸ್ಟುಡಿಯೊಗಳಲ್ಲಿ, ಅದೇ ಸೆಟ್ಟುಗಳಲ್ಲಿ, ಅದೇ ಕುಟುಂಬ ಕಥೆಗಳ ಅಚ್ಚಿನಲ್ಲಿ. ಅಣ್ಣತಮ್ಮಂದಿರ ತ್ಯಾಗ, ಅತ್ತಿಗೆಯ ಸೈರಣೆ, ಮನೆ ಒಡೆಯುವುದು, ಕೂಡುವುದು: ಇವು ಅಲ್ಲಿನ ಮಾರುಕಟ್ಟೆಯಲ್ಲಿ ಖಚಿತ ಸರಕು. ದಖ್ಖನದ ಬಯಲುಸೀಮೆಯ ಹಳ್ಳಿ ಆ ಸೆಟ್ಟುಗಳೊಳಗೆ ಹೇಗೆ ತಾನೆ ಬಂದೀತು?

ಇದನ್ನು ಪರೀಕ್ಷಿಸಲು ಎರಡು ಚಿತ್ರಗಳು ಸಾಕು. ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ 1972ರದು. ಜಬ್ಬಾರ್ ಪಟೇಲರ ‘ಸಾಮನಾ’ ಅದರ ಬೆನ್ನಿಗೇ, 1975ರಲ್ಲಿ ಬರ್ಲಿನ್ ಉತ್ಸವಕ್ಕೆ ಹೋದ ಚಿತ್ರ. ಎರಡರಲ್ಲೂ ಹಸಿರು ಹೊಲಗಳಿವೆ, ಹೊಸ ಕಾಲದ ಕೃಷಿ ಇದೆ, ಪ್ರಗತಿ ಎಂಬ ಮಾತಿದೆ. ಕನ್ನಡದ ರಾಜೀವ ಬಂಜರು ನೆಲವನ್ನು ತನ್ನ ತೋಳಿನಿಂದ ಬಂಗಾರ ಮಾಡುತ್ತಾನೆ. ಅವನಿಗೆ ಎದುರಾಗುವ ಪೆಟ್ಟುಗಳಲ್ಲಿ ಅತಿ ದೊಡ್ಡದು ಸ್ವಂತ ಮನೆಯ ಹುಡುಗರ ಕೃತಘ್ನತೆ. ಕೊನೆಗೆ ಅವನು ಎಲ್ಲ ಬಿಟ್ಟು ನಡೆದುಹೋಗುತ್ತಾನೆ. ನೀರು ಯಾರ ಪಾಲಿಗೆ ಎಷ್ಟು, ಸಾಲ ಯಾವ ಸೊಸೈಟಿಯಿಂದ, ಬೆಳೆದದ್ದಕ್ಕೆ ದರ ಕಟ್ಟುವವರು ಯಾರು ಎಂಬ ಪ್ರಶ್ನೆಗಳಿಗೆ ಆ ಚಿತ್ರದಲ್ಲಿ ಜಾಗವಿಲ್ಲ. ವಿಜಯ ತೆಂಡೂಲ್ಕರ್ ಬರೆದ ‘ಸಾಮನಾ’ದಲ್ಲಿ ಇರುವುದೆಲ್ಲ ಇವೇ ಪ್ರಶ್ನೆಗಳು. ನಿಳು ಫುಲೆಯವರ ಹಿಂದೂರಾವ್ ಪಾಟೀಲ ಸಕ್ಕರೆ ಕಾರ್ಖಾನೆ ಕಟ್ಟಿದ ಸಹಕಾರದ ಧುರೀಣ. ಊರಿಗೆ ರಸ್ತೆ, ನೀರು, ಕೆಲಸ ಎಲ್ಲ ಅವನಿಂದಲೇ. ಎಲ್ಲಿಂದಲೋ ಬಂದಿಳಿದ, ಶ್ರೀರಾಮ ಲಾಗೂ ಅಭಿನಯಿಸಿದ ಕುಡುಕ ಮಾಸ್ತರ, ಮಾರುತಿ ಕಾಂಬಳೆ ಎಂಬ ಮಾಜಿ ಸೈನಿಕ ಏನಾದ ಎಂದು ಕೇಳತೊಡಗುತ್ತಾನೆ. ಪ್ರಶ್ನೆ ಅಷ್ಟೇ. ಆದರೆ ಅಭಿವೃದ್ಧಿಯ ಇಡೀ ಕಟ್ಟಡದ ತಳದಲ್ಲಿ ಒಂದು ಹೆಣವಿದೆ ಎಂಬ ಅನುಮಾನ ಆ ಪ್ರಶ್ನೆಯಿಂದ ನೋಡುವವರ ತಲೆ ಹೊಗುತ್ತದೆ. ಫುಲೆಯವರ ನಟನೆಯ ಹೆಚ್ಚುಗಾರಿಕೆ ಎಂದರೆ ಈ ಚೇರಮನ್ ರಾಕ್ಷಸನಾಗಿ ಕಾಣುವುದಿಲ್ಲ. ಮಾತು ಮೆದು, ಅತಿಥಿಗೆ ಆದರ, ಊರಿನ ಮೇಲೆ ನಿಜವಾದ ಅಕ್ಕರೆ. ಅದಕ್ಕೇ ಅವನು ಹೆದರಿಸುತ್ತಾನೆ.

ಶಿರೋಳ ತಾಲ್ಲೂಕಿನವರಿಗೆ ಇಂಥ ಚೇರಮನ್‌ನನ್ನು ಯಾರೂ ವಿವರಿಸಬೇಕಿಲ್ಲ. ಕಬ್ಬು ಇಲ್ಲಿನ ಉಸಿರು, ಸಕ್ಕರೆ ಕಾರ್ಖಾನೆಯ ಚುನಾವಣೆ ವಿಧಾನಸಭೆಯ ಚುನಾವಣೆಗಿಂತ ಕಡಿಮೆಯದಲ್ಲ, ರಾಜು ಶೆಟ್ಟಿಯವರ ಸಂಘಟನೆ ಜಯಸಿಂಗಪುರದಲ್ಲಿ ನಡೆಸುವ ಕಬ್ಬು ಪರಿಷತ್ತು ದರದ ಲೆಕ್ಕಾಚಾರವನ್ನು ಬೀದಿಗೆ ತಂದಿದೆ. ಇಲ್ಲಿ ಒಬ್ಬರು ತಟ್ಟನೆ ಹೇಳಿಯಾರು: ಅದು ಮಹಾರಾಷ್ಟ್ರದ ಸಹಕಾರಿ ರಾಜಕಾರಣ, ಮರಾಠಿ ಸಿನಿಮಾ ಅದನ್ನು ತೋರಿಸಿತು, ಕರ್ನಾಟಕದ ಹಳ್ಳಿ ಬೇರೆ, ಕನ್ನಡ ಸಿನಿಮಾ ತನ್ನ ಹಳ್ಳಿಯನ್ನು ತೋರಿಸಿತು. ಈ ಆಕ್ಷೇಪ ಹೊಳೆಯವರೆಗೆ ಮಾತ್ರ ನಿಲ್ಲುತ್ತದೆ, ಹೊಳೆ ದಾಟಿದರೆ ಕುಸಿಯುತ್ತದೆ. ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ ಸಹಕಾರಿ ಸಕ್ಕರೆ ಕಾರ್ಖಾನೆ, ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆ ಕರ್ನಾಟಕದವೇ. ಕಬ್ಬು ಅದೇ, ಬಾಕಿ ಬಿಲ್ಲಿನ ಗೋಳು ಅದೇ, ಷೇರುದಾರರ ಸಭೆಯ ಗದ್ದಲವೂ ಅದೇ. ಬೆಳಗಾವಿ ಜಿಲ್ಲೆಯ ರಾಜಕಾರಣ ಸಕ್ಕರೆಯ ಮೇಲೆ ನಿಂತಿರುವುದು ಕನ್ನಡ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಕನ್ನಡ ಸಿನಿಮಾಕ್ಕೆ ಮಾತ್ರ ಅದು ಗೊತ್ತಿದ್ದಂತೆ ಕಾಣುವುದಿಲ್ಲ.

ಕನ್ನಡದ ಪರವಾಗಿ ಎತ್ತಬಹುದಾದ ಗಟ್ಟಿ ಉದಾಹರಣೆಗಳಿವೆ. ಗೊರೂರರ ಕಥೆಯಿಂದ ಬಂದ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಸಾಹುಕಾರನ ದರ್ಪವಿದೆ, ಅದರ ವಿರುದ್ಧ ಊರಿನ ಹಗೆ ಇದೆ, ಕೊನೆಯಲ್ಲಿ ಕನ್ನಡ ಪರದೆ ಮರೆಯದ ಪ್ರವಾಹವಿದೆ. 2005, 2019, 2021ರ ನೆರೆ ಕಂಡ ಶಿರೋಳದ ಕಣ್ಣಿಗೆ ಆ ದೃಶ್ಯ ಇನ್ನಷ್ಟು ಹತ್ತಿರ. ಆದರೆ ಆ ಚಿತ್ರ ಹಗೆಯನ್ನು ಬಿಡಿಸುವುದು ಮನಸ್ಸುಗಳ ಪರಿವರ್ತನೆಯಿಂದ. ಸಾಹುಕಾರನ ಮಗ ಒಳ್ಳೆಯವನಾದರೆ ಊರು ಒಂದಾಗುತ್ತದೆ. ಮನೆತನದ ಕಥೆಯ ಅಚ್ಚು ಅಲ್ಲಿಯೂ ಗೆದ್ದಿತು. ಎಂ.ಎಸ್. ಸತ್ಯು ಅವರ ‘ಬರ’ ಬೇರೆಯದೇ ಜಾತಿಯ ಚಿತ್ರ. ಅನಂತಮೂರ್ತಿಯವರ ಕಥೆ, ಬೀದರಿನ ಒಣನೆಲ, ಬರಪೀಡಿತ ಎಂಬ ಘೋಷಣೆಗಾಗಿ ಒದ್ದಾಡುವ ಜಿಲ್ಲಾಧಿಕಾರಿಯಾಗಿ ಅನಂತನಾಗ್, ಧಾನ್ಯ ಬಚ್ಚಿಟ್ಟ ವ್ಯಾಪಾರಿ, ಹಸಿವಿನ ಮೇಲೆ ಆಟವಾಡುವ ಮಂತ್ರಿ. ಕನ್ನಡದ ‘ಸಾಮನಾ’ ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ. ಆದರೂ ಒಂದು ಕೊರತೆ ಉಳಿಯುತ್ತದೆ: ‘ಬರ’ದ ಅಧಿಕಾರ ಬೆಂಗಳೂರಿನಿಂದ ಇಳಿದುಬರುವ ಅಧಿಕಾರ, ನೋಡುವ ಕಣ್ಣು ಐಎಎಸ್ ಅಧಿಕಾರಿಯದು. ಊರೊಳಗೇ ಹುಟ್ಟಿ, ಊರಿನ ಒಪ್ಪಿಗೆಯಿಂದಲೇ ಬೆಳೆದು, ಊರನ್ನೇ ಹಿಡಿದಿಡುವ ಹಿಂದೂರಾವ್ ಪಾಟೀಲನಂಥವನನ್ನು ಅದು ಮುಟ್ಟುವುದಿಲ್ಲ. ರಾಮ್ ರೆಡ್ಡಿಯವರ ‘ತಿಥಿ’ ಮುಟ್ಟುತ್ತದೆ, ಅದೂ ನಗುತ್ತ. ಮಂಡ್ಯದ ಹಳ್ಳಿಗರೇ ನಟಿಸಿದ, 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದ ಆ ಚಿತ್ರದಲ್ಲಿ ಮುತ್ತಜ್ಜನ ಸಾವು, ಭೂಮಿಯ ಖಾತೆ, ಸುಳ್ಳು ದಾಖಲೆ, ಸಾಲ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಕನ್ನಡಕ್ಕೆ ಈ ನೋಟ ಅಸಾಧ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನನ್ನ ದೂರು, ಇವೆಲ್ಲ ಬಿಡಿಬಿಡಿಯಾಗಿ ಉಳಿದವು, ಪರಂಪರೆಯಾಗಲಿಲ್ಲ ಎಂಬುದು.

ಮರಾಠಿಯಲ್ಲಿ ಪರಂಪರೆಯಾದದ್ದಕ್ಕೆ ಒಂದು ವ್ಯಾವಹಾರಿಕ ಕಾರಣವೂ ಇದೆ. ಅದನ್ನು ಬಿಟ್ಟರೆ ಹೋಲಿಕೆ ಅನ್ಯಾಯದ್ದಾಗುತ್ತದೆ. ಮರಾಠಿ ಪ್ರೇಕ್ಷಕನಿಗೆ ಹೊಡೆದಾಟ, ವಿದೇಶದ ಹಾಡು, ದೊಡ್ಡ ತಾರೆ ಬೇಕಾದರೆ ಮುಂಬಯಿಯ ಹಿಂದಿ ಚಿತ್ರವಿದೆ. ಆ ಅಂಗಡಿಯ ಎದುರು ಅದೇ ಸರಕು ಮಾರಲು ಮರಾಠಿ ನಿರ್ಮಾಪಕನಿಗೆ ಹಣವೂ ಇರಲಿಲ್ಲ, ಗೆಲ್ಲುವ ಭರವಸೆಯೂ ಇರಲಿಲ್ಲ. ಹಿಂದಿ ಮಾಡಲಾರದ್ದನ್ನೇ ಮಾಡಬೇಕಾಯಿತು: ಇಂಥ ತಾಲ್ಲೂಕಿನ ಇಂಥ ಊರಿನ ಕಥೆ, ಅಲ್ಲಿಯ ಮಾತಿನ ಧಾಟಿ, ಅಲ್ಲಿಯ ಜಾತಿಲೆಕ್ಕ. ಬಡತನ ಹೀಗೆ ಸ್ವಾತಂತ್ರ್ಯವಾಯಿತು. ಕನ್ನಡ ಚಿತ್ರರಂಗದ ಕಷ್ಟ ಇದಕ್ಕೆ ತಿರುಗುಮುರುಗು. ತಮಿಳು, ತೆಲುಗು, ಹಿಂದಿಗಳ ನಡುವೆ ತನ್ನ ಪ್ರೇಕ್ಷಕರನ್ನು ಹಿಡಿದಿಡಲು ಅದು ಎಲ್ಲವನ್ನೂ ತಾನೇ ಒದಗಿಸಬೇಕಾಯಿತು. ಡಬ್ಬಿಂಗ್‌ಗೆ ದಶಕಗಳ ಕಾಲ ಬಾಗಿಲು ಮುಚ್ಚಿ, 2015ರಲ್ಲಿ ಸ್ಪರ್ಧಾ ಆಯೋಗ ದಂಡ ವಿಧಿಸುವವರೆಗೂ ಕಾವಲು ಕಾಯಿತು. ಎಲ್ಲರಿಗೂ ಎಲ್ಲವನ್ನೂ ಕೊಡುವ ಚಿತ್ರಕ್ಕೆ ತಾಲ್ಲೂಕು ಇರುವುದಿಲ್ಲ, ಅದರ ಹಳ್ಳಿಗೆ ನಕ್ಷೆಯಲ್ಲಿ ಜಾಗ ಹುಡುಕಬೇಕಾಗಿಯೂ ಇಲ್ಲ. ಇಷ್ಟು ಒಪ್ಪಿಕೊಂಡರೂ ಮಾರುಕಟ್ಟೆಯ ಕಾರಣ ಪೂರ್ತಿ ಉತ್ತರವಾಗುವುದಿಲ್ಲ. ‘ತಿಥಿ’ಗೆ ದೊಡ್ಡ ಬಂಡವಾಳ ಬೇಕಾಗಲಿಲ್ಲ. ಸಹಾಯಧನದ ಬಲದಲ್ಲಿ ತಯಾರಾದ ನೂರಾರು ಕನ್ನಡ ಚಿತ್ರಗಳಿಗೆ ತಾರೆಯರ ಹಂಗೂ ಇರಲಿಲ್ಲ. ಅವೂ ಹಳ್ಳಿಯನ್ನು ಬಹುಪಾಲು ಅಗ್ರಹಾರದ ಇಲ್ಲವೇ ದೊಡ್ಡ ಮನೆಯ ಹೊಸ್ತಿಲಿನಿಂದಲೇ ಕಂಡವು.

ಭಕ್ತಿ ಚಿತ್ರಗಳಲ್ಲಿ ಈ ತಕ್ಕಡಿ ಬೇರೆ ಬಗೆಯಲ್ಲಿ ತೂಗುತ್ತದೆ, ಇಲ್ಲಿ ಕನ್ನಡಕ್ಕೆ ಸೋಲೇನೂ ಇಲ್ಲ. ಪಂಢರಪುರದ ವಿಠ್ಠಲ ಎರಡೂ ಭಾಷೆಯವರ ಮನೆದೇವರು. ದಾಮ್ಲೆ ಮತ್ತು ಫತ್ತೇಲಾಲರ 1936ರ ‘ಸಂತ ತುಕಾರಾಮ್’ ವೆನಿಸ್‌ನಲ್ಲಿ ಮನ್ನಣೆ ಪಡೆದ ಚಿತ್ರ. ಎಲ್ಲರೂ ಪಾಗ್ನೀಸರ ತುಕಾರಾಮನನ್ನು ಹೊಗಳುತ್ತಾರೆ. ಚಿತ್ರವನ್ನು ಇಂದಿಗೂ ಜೀವಂತವಾಗಿಟ್ಟಿರುವುದು ಮಾತ್ರ ಗೌರಿ ಅಭಿನಯಿಸಿದ ಹೆಂಡತಿಯ ಪಾತ್ರ. ಗಂಡ ಅಭಂಗ ಹಾಡುತ್ತಿದ್ದಾಗ ಎಮ್ಮೆ, ಮಕ್ಕಳು, ಹಿಟ್ಟಿನ ಮಡಕೆ ಅವಳ ಪಾಲು. ಸಿಟ್ಟು ನೆತ್ತಿಗೇರಿದಾಗ ವಿಠೋಬನ ಮುಂದೆಯೇ ಚಪ್ಪಲಿ ಎತ್ತುತ್ತಾಳೆ. ಕೊನೆಗೆ ವೈಕುಂಠದ ವಿಮಾನ ಬಂದಾಗಲೂ ಮನೆ ಬಿಟ್ಟು ಹೊರಡುವುದಿಲ್ಲ. ಭಕ್ತಿಗೆ ಯಾರು ಬೆಲೆ ತೆರುತ್ತಾರೆ ಎಂಬ ಲೆಕ್ಕವನ್ನು ಭಕ್ತಿ ಚಿತ್ರದೊಳಗೇ ಇಟ್ಟದ್ದು ಪ್ರಭಾತದ ಧೈರ್ಯ. ಕನ್ನಡದಲ್ಲಿ 1963ರಲ್ಲಿ ರಾಜಕುಮಾರ್ ತುಕಾರಾಮರಾದರು, 1974ರ ‘ಭಕ್ತ ಕುಂಬಾರ’ದಲ್ಲಿ ಗೋರಾ ಕುಂಬಾರನಾದರು. ಕಣ್ಣು ಮುಚ್ಚಿ ಭಜನೆಯಲ್ಲಿ ಮುಳುಗಿ ತನ್ನ ಕೂಸನ್ನೇ ಕೆಸರಿನಲ್ಲಿ ತುಳಿಯುವ ಆ ದೃಶ್ಯದಲ್ಲಿ ಹುಣಸೂರು ಕೃಷ್ಣಮೂರ್ತಿಯವರ ಚಿತ್ರ ಪ್ರಭಾತದವರಿಗೂ ಎಟುಕದ ಭಯವನ್ನು ಮುಟ್ಟುತ್ತದೆ. ಮನೆಯೊಳಗಿನ ದುರಂತ ಕನ್ನಡ ಸಿನಿಮಾಕ್ಕೆ ಕರತಲಾಮಲಕ. ಇಲ್ಲಿ ಆ ಪಳಗಿದ ಕೈ ಕೆಲಸ ಮಾಡಿದೆ.

ದೇವರು ಊರಿನ ಆಸ್ತಿಯಾದಾಗ ಕಥೆ ಬದಲಾಗುತ್ತದೆ. ದತ್ತಾತ್ರೇಯ ಈ ಸೀಮೆಯ ದೊಡ್ಡ ದೈವ; ನರಸೋಬಾವಾಡಿ ಇದೇ ತಾಲ್ಲೂಕಿನದು, ಗಾಣಗಾಪುರ ಕಲಬುರಗಿ ಜಿಲ್ಲೆಯದು, ಎರಡನ್ನೂ ಬೆಸೆಯುವ ಮರಾಠಿ ‘ಗುರುಚರಿತ್ರೆ’ ಬರೆದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡವೆಂದು ಪ್ರತೀತಿ. ಉಮೇಶ್ ಕುಲಕರ್ಣಿಯವರ ‘ದೇವೂಳ್’ 2011ರಲ್ಲಿ ಇದೇ ದತ್ತನನ್ನು ಹಿಡಿದು ವ್ಯಂಗ್ಯವಾಡಿತು. ದನ ಹುಡುಕಿ ಹೋದ ಮುಗ್ಧ ಕೇಶ್ಯಾನಿಗೆ ಮರದ ಕೆಳಗೆ ದತ್ತ ಕಾಣುತ್ತಾನೆ. ಊರ ಪುಢಾರಿಗಳು ಅದನ್ನು ಗುಡಿಯಾಗಿ, ಅಂಗಡಿ ಸಾಲಾಗಿ, ಹಣದ ಹೊಳೆಯಾಗಿ ಮಾಡುತ್ತಾರೆ. ಬರಬೇಕಿದ್ದ ಆಸ್ಪತ್ರೆ ಬರುವುದಿಲ್ಲ. ಚಿತ್ರ ದತ್ತನನ್ನು ಎಲ್ಲಿಯೂ ಹಳಿಯುವುದಿಲ್ಲ ಎಂಬುದನ್ನು ಗಮನಿಸಬೇಕು, ಅದರ ಸಿಟ್ಟೆಲ್ಲ ಟ್ರಸ್ಟಿನ ಮೇಲೆ. ಇದರ ಪಕ್ಕದಲ್ಲಿ 2022ರ ‘ಕಾಂತಾರ’ ಇಟ್ಟು ನೋಡಿ. ಕುಂದಾಪುರದ ಕನ್ನಡವನ್ನು ಅಂಜದೆ ಆಡಿಸಿ, ಕೋಲದ ರಾತ್ರಿಯನ್ನು ಅಷ್ಟು ಹತ್ತಿರದಿಂದ ತೋರಿಸಿ, ದೇಶಾದ್ಯಂತ ಗೆದ್ದ ಚಿತ್ರ ಅದು. ಸೀಮೆಯ ಕಥೆಗೆ ಮಾರುಕಟ್ಟೆ ಇಲ್ಲ ಎನ್ನುವವರ ಬಾಯಿಯನ್ನು ಅದು ಮುಚ್ಚಿಸಿತು. ಭೂಮಿ ಯಾರದು ಎಂಬ ಪ್ರಶ್ನೆಯನ್ನೂ ಅದು ಎತ್ತುತ್ತದೆ, ದಣಿಯ ಕಪಟವನ್ನೂ ಬಯಲಿಗೆಳೆಯುತ್ತದೆ. ಬಗೆಹರಿಸುವ ಕೆಲಸವನ್ನು ಮಾತ್ರ ದೈವಕ್ಕೆ ಒಪ್ಪಿಸಿಬಿಡುತ್ತದೆ. ನಾಗರಾಜ ಮಂಜುಳೆಯವರ ‘ಫ್ಯಾಂಡ್ರಿ’ಯಲ್ಲಿ ಜಬ್ಯಾನ ನೆರವಿಗೆ ಯಾವ ದೈವವೂ ಬರುವುದಿಲ್ಲ, ಹುಡುಗ ಎಸೆದ ಕಲ್ಲು ನೇರ ಪ್ರೇಕ್ಷಕನ ಮುಖಕ್ಕೆ ಬರುತ್ತದೆ. ತುಳುನಾಡಿನಲ್ಲಿ ದೈವದ ಮಾತು ನ್ಯಾಯದ ಮಾತೇ ಹೌದು, ಆದ್ದರಿಂದ ‘ಕಾಂತಾರ’ ತನ್ನ ನೆಲಕ್ಕೆ ನಿಷ್ಠವಾಗಿದೆ ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೂ ಎರಡನೆಯ ಬಾರಿ ನೋಡುವಾಗ ನನಗೆ ಹೆಚ್ಚು ಉಳಿಯುವುದು ಆ ಕಲ್ಲು.

‘ಸೈರಾಟ್’ ಮತ್ತು ಅದರ ಕನ್ನಡ ರೂಪ ‘ಮನಸು ಮಲ್ಲಿಗೆ’ ಈ ವಾದಕ್ಕೆ ಪ್ರಯೋಗಶಾಲೆಯಂತೆ ಒದಗಿಬರುತ್ತವೆ. 2016ರ ಮೂಲದಲ್ಲೂ 2017ರ ರೀಮೇಕಿನಲ್ಲೂ ನಾಯಕಿ ಅದೇ ರಿಂಕು ರಾಜಗುರು. ಅದೇ ಧಾಟಿಯ ಹಾಡುಗಳು, ಅದೇ ಕಥೆ, ಕೊನೆಯಲ್ಲಿ ಅದೇ ರಕ್ತದ ಹೆಜ್ಜೆ. ಒಂದು ಮಹಾರಾಷ್ಟ್ರವನ್ನೇ ಅಲುಗಿಸಿತು, ಇನ್ನೊಂದು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಕಾರಣ ನಟಿಯಲ್ಲಿಲ್ಲ, ರಾಗದಲ್ಲಿಲ್ಲ. ಮಂಜುಳೆಯವರ ‘ಸೈರಾಟ್’ನ ನಾಯಕಿ ಆರ್ಚಿ ಸೊಲ್ಲಾಪುರ ಜಿಲ್ಲೆ ಕರಮಾಳೆಯ ಪಾಟೀಲನ ಮಗಳು. ಅವಳು ಟ್ರ್ಯಾಕ್ಟರ್ ಓಡಿಸುವ ಬಗೆಯಲ್ಲಿ, ಕಾಲೇಜಿನಲ್ಲಿ ಅವಳ ತಮ್ಮ ಮೇಷ್ಟ್ರಿಗೆ ಹೊಡೆದು ದಕ್ಕಿಸಿಕೊಳ್ಳುವುದರಲ್ಲಿ, ಅಪ್ಪನ ಭಾಷಣಗಳಲ್ಲಿ ಆ ಮನೆತನದ ಸಕ್ಕರೆ, ಭೂಮಿ, ಪಕ್ಷ ಎಲ್ಲ ಕಾಣುತ್ತವೆ. ಪ್ರೀತಿ ಯಾವ ಗೋಡೆಗೆ ಡಿಕ್ಕಿ ಹೊಡೆಯುತ್ತಿದೆ ಎಂಬುದು ಇಂಚಿಂಚೂ ಗೊತ್ತಾಗುತ್ತದೆ. ಕನ್ನಡದಲ್ಲಿ ಆ ಗೋಡೆಯನ್ನು ಸಿರಿವಂತ ಅಪ್ಪನ ಅಹಂಕಾರ ಎಂಬಷ್ಟಕ್ಕೆ ಇಳಿಸಲಾಯಿತು. ಅಂಥ ಅಪ್ಪಂದಿರು ಕನ್ನಡ ಪರದೆಗೆ ಹೊಸಬರಲ್ಲ. ಅಧಿಕಾರದ ಕಥೆ ಕುಟುಂಬದ ಕಥೆಯಾಗಿ ಕುಗ್ಗುವ ಕ್ರಿಯೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಜೋಡಿ ಸಿಗುವುದು ಕಷ್ಟ. ಮರುವರ್ಷ ಹಿಂದಿಯ ‘ಧಡಕ್’ ಅದೇ ಕಥೆಯನ್ನು ಉದಯಪುರಕ್ಕೆ ಒಯ್ದು ಇನ್ನೂ ತೆಳ್ಳಗೆ ಮಾಡಿತು, ಅದನ್ನು ಬಿಡಿ.

ಇವೆಲ್ಲ ಹವ್ಯಾಸಿಯ ಅನಿಸಿಕೆ, ಇದಕ್ಕೆ ಶಾಸ್ತ್ರದ ಬಲವೇನು ಎಂಬ ಆಕ್ಷೇಪ ಬರುವುದು ಸಹಜ. ಕ್ಯಾಮೆರಾ ಚಲನೆ, ಸಂಕಲನದ ಲಯ, ಜಗತ್ತಿನ ಸಿನಿಮಾ ಚರಿತ್ರೆ ಗೊತ್ತಿಲ್ಲದ ನೋಡುಗ ಕಥೆಯ ಮಟ್ಟದಲ್ಲೇ ನಿಲ್ಲುತ್ತಾನೆ ಎನ್ನುತ್ತಾರೆ. ಅಪಾಯ ಇರುವುದು ಹೌದು. ಮೇಲಿನ ಮಾತುಗಳಲ್ಲೂ ಕಥೆಯ ಪಾಲು ಹೆಚ್ಚಿದೆ. ಆದರೆ ಹಳ್ಳಿಯ ನೋಡುಗನಿಗೆ ಒಳ್ಳೆಯ ಚಿತ್ರ ಎಟುಕದು ಎಂಬ ಗ್ರಹಿಕೆಯನ್ನು ಕೆ.ವಿ. ಸುಬ್ಬಣ್ಣ ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಮ್ ಚಿತ್ರಸಮಾಜ ಶುರುಮಾಡಿ ಸುಳ್ಳಾಗಿಸಿದರು. ಅಡಿಕೆ ಸುಲಿಯುವ ಮಂದಿ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’ ನೋಡಿ ತಮ್ಮ ಬಾಳಿನ ಅಳತೆಯಲ್ಲಿ ಅವನ್ನು ಅಳೆದರು. ಸೈಕಲ್ ಕಳೆದುಕೊಂಡವನ ಸಂಕಟ ತಿಳಿಯಲು ರೋಮ್ ನಗರ ನೋಡಿರಬೇಕಿರಲಿಲ್ಲ. ಗಡಿಯ ನೋಡುಗನಿಗೆ ಇನ್ನೊಂದು ಅಳತೆಗೋಲು ಹೆಚ್ಚಿಗೆ ಇದೆ, ಅದು ಕಿವಿ. ನಟರ ಮಾತು ಈ ಸೀಮೆಯದೋ ಅಥವಾ ಡಬ್ಬಿಂಗ್ ಕೋಣೆಯಲ್ಲಿ ಕಲಿತದ್ದೋ ಎಂಬುದು ಎರಡು ವಾಕ್ಯದಲ್ಲಿ ಅವನಿಗೆ ಗೊತ್ತಾಗುತ್ತದೆ. ಸಿನಿಮಾದ ಶಾಸ್ತ್ರದಲ್ಲಿ ಶಬ್ದವೂ ಒಂದು ಅಧ್ಯಾಯವೇ.

ಹೆಚ್ಚು ನೋವಿನ ಆಕ್ಷೇಪ ಇನ್ನೊಂದು. ಮಹಾರಾಷ್ಟ್ರದೊಳಗಿನ ಕನ್ನಡಕ್ಕೆ ಶಾಲೆಯಿಂದ ಹಿಡಿದು ಸಂತೆಯ ಬೋರ್ಡಿನವರೆಗೆ ಆಸರೆ ಕಡಿಮೆ. ಇಂಥಲ್ಲಿ ಕನ್ನಡಿಗರೇ ಮರಾಠಿ ಚಿತ್ರ ಮೇಲು ಎನ್ನತೊಡಗಿದರೆ ಉಳಿಯುವುದೇನು? ಈ ಆತಂಕವನ್ನು ಹಗುರವಾಗಿ ಕಾಣಲಾಗದು. ಆದರೆ ಈ ಸೀಮೆಯ ಕನ್ನಡಕ್ಕೆ ಕನ್ನಡ ಸಿನಿಮಾ ಕೊಟ್ಟ ಜಾಗ ಎಂಥದು ಎಂಬುದನ್ನೂ ಕೇಳಬೇಕಲ್ಲ. ಉತ್ತರ ಕರ್ನಾಟಕದ ಮಾತು ಕನ್ನಡ ಪರದೆಯಲ್ಲಿ ಬಹುಕಾಲ ನಗಿಸಲು ಬಂದಿತು, ಇಲ್ಲವೇ ಮೀಸೆ ತಿರುವಿದ ಗೌಡನ ಬಾಯಲ್ಲಿ ಗದರಿಸಲು ಬಂದಿತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ ಮಾಡಿದಾಗ, ರಂ.ಶಾ. ಲೋಕಾಪುರರ ಕಾದಂಬರಿಯಿಂದ ಗಿರೀಶ ಕಾಸರವಳ್ಳಿ ‘ತಾಯಿ ಸಾಹೇಬ’ ಮಾಡಿದಾಗ ಮಾತ್ರ ಆ ಮಾತಿಗೆ ಘನತೆ ಬಂತು. ‘ತಾಯಿ ಸಾಹೇಬ’ಕ್ಕೆ 1997ರ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂದಾಗ ಈ ಭಾಗದ ಕನ್ನಡ ಮೊದಲ ಬಾರಿಗೆ ದೊಡ್ಡ ಮನೆಯ ಹಿರಿತನದಲ್ಲಿ ಕಾಣಿಸಿತು. ಇನ್ನು ಶಿರೋಳ, ಗಡಹಿಂಗ್ಲಜದ ಕನ್ನಡ, ವಾಕ್ಯದ ಅರ್ಧದಲ್ಲೇ ಮರಾಠಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುವ ಮಾತು, ಅದು ಆ ಗೌರವವನ್ನೂ ಕಂಡಿಲ್ಲ. ಹಾಗಾಗಿ ಇಲ್ಲಿಯ ನೋಡುಗ ಮರಾಠಿ ಚಿತ್ರವನ್ನು ಮುಂದಿಟ್ಟು ಕನ್ನಡ ಚಿತ್ರದ ಜೊತೆ ತಗಾದೆ ತೆಗೆಯುವುದು ಕನ್ನಡ ಬಿಟ್ಟುಕೊಡುವ ಮಾತಲ್ಲ. ತನ್ನ ಕನ್ನಡವೂ ಲೆಕ್ಕಕ್ಕೆ ಬರಲಿ ಎಂದು ಅವನು ಕೇಳುತ್ತಿದ್ದಾನೆ.

ಮರಾಠಿ ಸಿನಿಮಾವನ್ನು ಈ ಸಂದರ್ಭದಲ್ಲಿ ಹಾಗೇ ಬಿಟ್ಟರೆ ತೂಕ ತಪ್ಪುತ್ತದೆ. ‘ಸಾಮನಾ’ ಮಾಡಿದ ಭಾಷೆಯೇ ತಮಾಶಾದ ಹೆಸರಿನಲ್ಲಿ ಒಂದೇ ಪಾಟೀಲ, ಒಂದೇ ಗೆಜ್ಜೆ, ಒಂದೇ ಕಣ್ಣುಸನ್ನೆಯ ಚಿತ್ರಗಳನ್ನು ಸಾಲುಸಾಲಾಗಿ ಮಾಡಿತು. ಶಾಂತಾರಾಮರ ‘ಪಿಂಜರಾ’ ಕಣ್ಣಿಗೆ ಹಬ್ಬ, ಆದರೆ ಮಾಸ್ತರನ ಪತನಕ್ಕೆ ನರ್ತಕಿಯನ್ನೇ ಹೊಣೆ ಮಾಡುವ ಅದರ ನೀತಿ ನನಗೆ ಒಪ್ಪಿಗೆಯಿಲ್ಲ. ಅಷ್ಟೇ ಅಲ್ಲ, ಕೊಲ್ಲಾಪುರವನ್ನು ತವರೆಂದುಕೊಳ್ಳುವ ಮರಾಠಿ ಸಿನಿಮಾದ ಕಿವಿಗೆ ಅದೇ ಜಿಲ್ಲೆಯ ಕನ್ನಡ ಬೀಳುವುದೇ ಇಲ್ಲ. ಖಿದ್ರಾಪುರದ ಕೊಪ್ಪೇಶ್ವರ ಗುಡಿಯ ಕಲ್ಲಿನ ಮೇಲೆ ಕನ್ನಡ ಶಾಸನಗಳಿವೆ. ಅದೇ ತಾಲ್ಲೂಕಿನ ಅಂಗಳಗಳಲ್ಲಿ ಇವತ್ತು ಆಡುವ ಕನ್ನಡಕ್ಕೆ ಮರಾಠಿ ಪರದೆಯಲ್ಲಿ ಒಂದು ಸಂಭಾಷಣೆಯ ಜಾಗ ಸಿಗುವುದೂ ಅಪರೂಪ. ಅಧಿಕಾರವನ್ನು ಅಷ್ಟು ಚೆನ್ನಾಗಿ ನೋಡಬಲ್ಲ ಕಣ್ಣು ಭಾಷೆಯ ಅಧಿಕಾರದ ಮುಂದೆ ಮಂಜಾಗುತ್ತದೆ.

ಚಿತ್ರಕ್ಕೆ ಸಹಾಯಧನ, ಪ್ರಶಸ್ತಿ, ಪ್ರದರ್ಶನದ ಪಾಲು ಎಲ್ಲವನ್ನೂ ಹಂಚುವುದು ಭಾಷೆಯ ಲೆಕ್ಕದಲ್ಲಿ. ಕರ್ನಾಟಕ ಕನ್ನಡಕ್ಕೂ ತುಳು, ಕೊಡವ, ಕೊಂಕಣಿ, ಬ್ಯಾರಿಗಳಿಗೂ ಕೊಡುತ್ತದೆ. ಮಹಾರಾಷ್ಟ್ರ ಮರಾಠಿಗೆ ಕೊಡುತ್ತದೆ. 2011ರ ಅತ್ಯುತ್ತಮ ಚಿತ್ರದ ಸ್ವರ್ಣಕಮಲವನ್ನು ‘ದೇವೂಳ್’ ಒಂದೇ ಪಡೆಯಲಿಲ್ಲ, ಕರ್ನಾಟಕ ಕರಾವಳಿಯ ‘ಬ್ಯಾರಿ’ ಜೊತೆಗೆ ಹಂಚಿಕೊಂಡಿತು. ಸಣ್ಣ ಭಾಷೆಗೂ ಹೆಸರೊಂದಿದ್ದರೆ ದಾರಿಯುಂಟು ಎಂದಾಯಿತು. ದತ್ತವಾಡದ ಮಾತಿಗೆ ಹಾಗೊಂದು ಹೆಸರಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿ, ಮೊಮ್ಮಗ ಮರಾಠಿಯಲ್ಲಿ ಉತ್ತರಿಸಿ, ಇಬ್ಬರೂ ಕಾರ್ಖಾನೆಯ ಬಾಕಿ ಬಿಲ್ಲಿಗಾಗಿ ಕಾಯುವ ಒಂದು ಚಿತ್ರವನ್ನು ಯಾರಾದರೂ ಮಾಡಿದರೆ, ಅರ್ಜಿಯ ಭಾಷೆಯ ಸಾಲಿನಲ್ಲಿ ಎರಡರಲ್ಲಿ ಒಂದನ್ನು ಬರೆಯಲೇಬೇಕಾಗುತ್ತದೆ. ನನ್ನನ್ನು ಕೇಳಿದರೆ ಕನ್ನಡ ಎಂದು ಬರೆಯಬೇಕು. ಮರಾಠಿಯ ಬಳಿ ಸಕ್ಕರೆ ಕಾರ್ಖಾನೆಯ ಚಿತ್ರ ಐವತ್ತು ವರ್ಷದಿಂದ ಇದೆ, ಕನ್ನಡಕ್ಕೆ ಅದು ಇನ್ನೂ ಬಾಕಿ.